ಸಣ್ಣ ನಾಣ್ಯಕ್ಕೊಂದು ನೆಲೆ

ಗೃಹಕೃತ್ಯದಲ್ಲಿ ಮಿತವ್ಯಯವು ಹೊಸದೇನೂ ಅಲ್ಲ. ಸಾಸಿವೆಯ ಡಬ್ಬಿಯಲ್ಲಿ ಕಾಸು ಬಚ್ಚಿಡುತ್ತ ಬಂದ ಗೃಹಿಣಿಗೆ ಯಾರೂ ಅರ್ಥಶಾಸ್ತ್ರವನ್ನು ಬೋಧಿಸಲಿಲ್ಲ. ಆದರೆ ಆ ಹಣವು ಕಳ್ಳನ ಕೈಗೂ ಮನೆಯವರ ಅವಸರಕ್ಕೂ ಸುಲಭವಾಗಿ ಸಿಕ್ಕುತ್ತಿದ್ದಿತು. ಇಟ್ಟಲ್ಲಿ ಬೆಳೆಯುತ್ತಲೂ ಇರಲಿಲ್ಲ. ಉಳಿಸುವ ಬುದ್ಧಿಯೊಡನೆ, ಉಳಿಸಿದುದನ್ನು ಇಡಲು ನಂಬಿಕೆಯ ನೆಲೆಯೂ ಬೇಕಷ್ಟೆ. ಬಡವರಿಗೆ ಅಂತಹ ನೆಲೆ ದೊರೆತುದು ಹೇಗೆಂಬುದಕ್ಕೆ ಬ್ರಿಟನ್ನಿನ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವುಂಟು.

ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯಲ್ಲಿ ಹೆನ್ರಿ ಡಂಕನ್ ಎಂಬ ಪಾದ್ರಿಗಳು ೧೮೧೦ರಲ್ಲಿ ಉಳಿತಾಯದ ಬ್ಯಾಂಕೊಂದನ್ನು ತೆರೆದರು. ಅಂದಿನ ಇತರ ಬ್ಯಾಂಕುಗಳು ಹತ್ತು ಪೌಂಡಿಗೆ ಕಡಿಮೆಯಾದ ಮೊತ್ತವನ್ನು ಮುಟ್ಟುತ್ತಿರಲಿಲ್ಲ. ಡಂಕನ್ನರಾದರೋ ಆರು ಪೆನ್ನಿಯನ್ನೂ ಸ್ವೀಕರಿಸಿ ಬಡ್ಡಿ ಕೊಟ್ಟರು. ಹಣದ ಪೆಟ್ಟಿಗೆಗೆ ಮೂರು ಬೀಗಗಳು. ಒಬ್ಬರೇ ಅದನ್ನು ತೆರೆಯುವಂತಿರಲಿಲ್ಲ.

೧೮೬೧ರಲ್ಲಿ ಗ್ಲಾಡ್‌ಸ್ಟನ್ನರು ಅರ್ಥಮಂತ್ರಿಗಳಾಗಿದ್ದಾಗ, ಸರ್ಕಾರದ ಹೊಣೆಯ ಮೇಲೆ ಅಂಚೆಯ ಕಚೇರಿಗಳಲ್ಲಿಯೇ ಇಂತಹ ಬ್ಯಾಂಕು ಏರ್ಪಟ್ಟಿತು. ಅಲ್ಲಿ ಒಂದು ಷಿಲಿಂಗಿಗೆ ಕಡಿಮೆ ಕಟ್ಟುವಂತಿರಲಿಲ್ಲ. ಆದರೆ ಹನ್ನೆರಡು ಪೆನ್ನಿಗಳು ಒಟ್ಟಿಗೆ ಕೈಯಲ್ಲಿ ನಿಲ್ಲದ ಸಂಸಾರಗಳೂ ಇದ್ದುವು. ಅಂಚೆಯ ಮುಖ್ಯಾಧಿಕಾರಿಗಳಾದ ಹೆನ್ರಿ ಫಾಸೆಟ್ಟರು ಅಂಧರಾಗಿದ್ದರೂ ಈ ಕಷ್ಟವನ್ನು ಕಂಡರು. ಪೆನ್ನಿಯ ಅಂಚೆಚೀಟಿಗಳನ್ನು ಒಂದೊಂದಾಗಿ ಕೊಂಡು ಕಾಗದಕ್ಕೆ ಅಂಟಿಸಿ, ಹನ್ನೆರಡಾದೊಡನೆ ಕೊಟ್ಟರೆ ಅದನ್ನೇ ಷಿಲಿಂಗೆಂದು ಜಮಾ ಮಾಡುವ ಕ್ರಮವನ್ನು ೧೮೮೦ರಲ್ಲಿ ತಂದರು. ೧೮೮೨ರಲ್ಲಿ ಇಂಡಿಯಾ ದೇಶದ ಅಂಚೆಯ ಕಚೇರಿಗಳಲ್ಲಿಯೂ ಉಳಿತಾಯದ ಬ್ಯಾಂಕು ಆರಂಭವಾಯಿತು.

ಬಡವರನ್ನು ದುಂದುಗಾರರೆಂದು ಹಳಿಯುವುದು ಸುಲಭ. ಅವರ ಕಾಸನ್ನು ಗೌರವದಿಂದ ಎಣಿಸಿಕೊಂಡು, ಕೇಳಿದಾಗ ಹಿಂದಿರುಗಿಸುವ ಏರ್ಪಾಡು ಕಷ್ಟ. ಹನಿಗೂಡಿ ಹಳ್ಳವೆಂಬುದು ನಿಜ. ಆದರೆ ಹನಿಗಳು ಬಂದು ನಿಲ್ಲುವುದಕ್ಕೆ ತಗ್ಗೊಂದು ಬೇಡವೆ?