ಉಣ್ಣೆಯೋ ಉಣ್ಣಿಯೋ: ಕ್ಯೂ ಜ್ವರದ ಒಂದು ತಪ್ಪು ಓದಿನ ಬಗ್ಗೆ

ಕ್ಯೂ ಜ್ವರವನ್ನು ‘ಉಣ್ಣೆಯಿಂದ ಹರಡುವ ಜ್ವರ’ಗಳ ಸಾಲಿಗೆ ಸೇರಿಸಿ ಮಂಗನ ಕಾಯಿಲೆಯ ಮಗ್ಗುಲಲ್ಲಿ ಕೂರಿಸುವುದು ನಮ್ಮ ಬರಹಗಳಲ್ಲಿ ರೂಢಿಯಾಗಿಬಿಟ್ಟಿದೆ. ನಾನು ಗೌರವಿಸುವ ಹಿರಿಯರೂ ಇದಕ್ಕೆ ಹೊರತಲ್ಲ. ಒಂದು ಕಾಲಕ್ಕೆ ನಾನೂ ಅದನ್ನೇ ನಕಲು ಮಾಡಿದವನು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಮಂಗನ ಕಾಯಿಲೆಗೆ ಉಣುಗಿನ ಕಡಿತ ನಿಜವಾದ ಕಾರಣ. ಆ ಮಲೆನಾಡಿನ ಪಾಠವನ್ನು ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಕ್ಕೆ ಹಾಗೇ ಹೊತ್ತು ತರುವುದರಲ್ಲಿ ನನ್ನ ತಕರಾರಿದೆ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ‘ಕ್ಯೂ’ ಎಂದರೆ ಕ್ವೀನ್ಸ್‌ಲ್ಯಾಂಡ್ ಅಲ್ಲ, ‘ಕ್ವೆರಿ’, ಅಂದರೆ ಪ್ರಶ್ನೆ. 1935ರಲ್ಲಿ ಬ್ರಿಸ್ಬೇನಿನ ಕಸಾಯಿಖಾನೆಯ ಕೆಲಸಗಾರರ ಗುರುತು ಸಿಗದ ಜ್ವರದ ಬೆನ್ನು ಹತ್ತಿದ ಎಡ್ವರ್ಡ್ ಡೆರಿಕ್, 1937ರಲ್ಲಿ ಅದನ್ನು ಪ್ರಕಟಿಸುವಾಗ ಇಟ್ಟ ಹೆಸರದು. ರೋಗಕ್ಕೆ ತಮ್ಮ ರಾಜ್ಯದ ಹೆಸರು ಅಂಟುವುದು ಅಲ್ಲಿನವರಿಗೇ ಬೇಡವಾಗಿತ್ತು.

ಉಣ್ಣೆಯ ಪಕ್ಷದವರ ದೊಡ್ಡ ಸಾಕ್ಷ್ಯ ಅಮೆರಿಕದ್ದು. 1935ರಲ್ಲಿ ಗಾರ್ಡನ್ ಡೇವಿಸ್ ಮೊಂಟಾನಾದ ನೈನ್ ಮೈಲ್ ಎಂಬಲ್ಲಿ ಹಿಡಿದ ಉಣುಗುಗಳನ್ನು ಗಿನಿಯಿಲಿಗಳ ಮೇಲೆ ಬಿಟ್ಟರು. ಇಲಿಗೆ ಜ್ವರ ಬಂತು. ಮುಂದೆ ಹೆರಾಲ್ಡ್ ಕಾಕ್ಸ್ ಆ ಜೀವಿಯ ಅಧ್ಯಯನದಲ್ಲಿ ಜೊತೆಯಾದರು. ಆಸ್ಟ್ರೇಲಿಯದಲ್ಲಿ ಬರ್ನೆಟ್ ಮತ್ತು ಮೇವಿಸ್ ಫ್ರೀಮನ್ ಪತ್ತೆ ಮಾಡಿದ್ದೂ ಇದೇ ಜೀವಿ ಎಂದು 1938ರ ಹೊತ್ತಿಗೆ ತಿಳಿಯಿತು. ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಹೆಸರಿನಲ್ಲಿ ಎರಡು ಖಂಡಗಳೂ ಇವೆ. ಇಷ್ಟನ್ನು ಓದಿ ನಮ್ಮವರು ಪುಸ್ತಕ ಮುಚ್ಚಿದರು. ಇನ್ನೊಂದು ಪುಟ ತಿರುವಬೇಕಿತ್ತು. ಮೊಂಟಾನಾದ ಜೀವಿ ಮನುಷ್ಯನಿಗೂ ತಗಲುತ್ತದೆ ಎಂದು ತೋರಿಸಿಕೊಟ್ಟದ್ದು ಸಂಶೋಧಕ ರೋಲಾ ಡಯರ್ ಅವರ ಜ್ವರ. ಅವರು ಜ್ವರ ಹತ್ತಿಸಿಕೊಂಡದ್ದು ಉಣುಗಿರುವ ಕಾಡಿನಲ್ಲಲ್ಲ, ಕಾಕ್ಸ್ ಅವರ ಪ್ರಯೋಗಾಲಯಕ್ಕೆ ಹೋಗಿ ಬಂದ ಮೇಲೆ. 1940ರಲ್ಲಿ ಬೆಥೆಸ್ಡಾದ ಸಂಸ್ಥೆಯೊಂದರ ಒಂದೇ ಕಟ್ಟಡದಲ್ಲಿ 15 ಜನ ಮಲಗಿದರು. ಅವರಲ್ಲಿ ಹಲವರು ಆ ಜೀವಿಯನ್ನು ಕೈಯಲ್ಲಿ ಮುಟ್ಟಿದವರೇ ಅಲ್ಲ. ಉಣುಗು ಕಚ್ಚಿದ್ದು ಇಲಿಯನ್ನು. ಮನುಷ್ಯನಿಗೆ ಬಂದದ್ದು ಗಾಳಿಯಲ್ಲಿ. (ಡೆರಿಕ್ ಕೂಡ ಬ್ಯಾಂಡಿಕೂಟ್ ಮತ್ತು ಅದರ ಉಣುಗಿನ ಜಾಡು ಹಿಡಿದು ನಡೆದವರೇ ಎಂಬ ಆಕ್ಷೇಪ ಸರಿ. ಪ್ರಾಣಿಯಿಂದ ಪ್ರಾಣಿಗೆ ಉಣುಗು ಈ ಜೀವಿಯನ್ನು ದಾಟಿಸುತ್ತದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಮನುಷ್ಯನಿಗೆ ತಗಲಲು ಕೀಟ ಬೇಡವೆಂಬ ಮಾತು ವೈದ್ಯ ವಿದ್ಯಾರ್ಥಿಗಳ ಪಾರ್ಕ್ ಪಠ್ಯಪುಸ್ತಕದಲ್ಲೇ ಇದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆರೆಯುವವರು ಕಡಿಮೆ.)

ಇನ್ನು ಶಬ್ದಕ್ಕೆ ಬರೋಣ. ‘ಉಣ್ಣೆ’ ಎಂದರೆ ರಕ್ತ ಹೀರುವ ಹುಳುವೂ ಹೌದು, ಕುರಿಯ ಕೂದಲೂ ಹೌದು. ಮನೆ ‘ಮನಿ’ಯಾಗುವ ಈ ಸೀಮೆಯ ಬಾಯಲ್ಲಿ ಎರಡೂ ಸೇರಿ ‘ಉಣ್ಣಿ’ ಆಗುತ್ತವೆ. ತಮಾಷೆಯೆಂದರೆ, ‘ಉಣ್ಣೆಯಿಂದ ಹರಡುವ ಜ್ವರ’ ಎಂಬ ವಾಕ್ಯವನ್ನು ಕಂಬಳಿಯ ಅರ್ಥದಲ್ಲಿ ಓದಿದರೆ ಅದು ಸತ್ಯಕ್ಕೆ ಹತ್ತಿರ. ಈ ಜೀವಿ ಒಣಗಿದ ಹಿಕ್ಕೆಯಲ್ಲಿ, ಧೂಳಿನಲ್ಲಿ, ಕುರಿಯ ಕೂದಲಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಉಣ್ಣೆ ಹಸನು ಮಾಡುವ ಕಾರ್ಖಾನೆಗಳಲ್ಲಿ ಜ್ವರ ಎದ್ದದ್ದಿದೆ. ಹಿರಿಯರು ಸರಿಯಾದ ಶಬ್ದಕ್ಕೆ ತಪ್ಪು ಅರ್ಥ ಹಚ್ಚಿದರು.

ಅಫಜಲಪುರದ ಕಡೆ ತೊಗರಿ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ನಿಲ್ಲಿಸಿದ ಕುರಿಗಳ ನಡುವೆ ಒಂದು ರಾತ್ರಿ ಕೂತಿದ್ದೆ. ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಕುರಿಗಾರ ತೋಳು ಮಡಚಿ ಬರಿಗೈಯಲ್ಲೇ ಮರಿ ಎಳೆದ. ಅದರ ಮೂಗಿನ ಲೋಳೆಯನ್ನು ಬೆರಳಿನಿಂದ ತೆಗೆದು ಬಾಯಿ ಹಚ್ಚಿ ಊದಿದ. ಮಾಸನ್ನು ನಾಯಿ ಎಳೆದುಕೊಂಡು ಹೋಯಿತು. ಕೈಯನ್ನು ಕಂಬಳಿಗೆ ಒರೆಸಿಕೊಂಡು ಅದನ್ನೇ ಹೊದ್ದು ಮಲಗಿದ. “ಉಣ್ಣಿ ಕಚ್ಚತಾವೇನು?” ಎಂದು ಕೇಳಿದೆ. “ಅವು ಕುರಿಗಿ ಹತ್ತತಾವರೀ, ನಮಗೇನ್ ಮಾಡತಾವ?” ಎಂದ. ರೋಗದ ಇತಿಹಾಸ ಓದಿದವರಿಗಿಂತ ಅವನೇ ಸರಿಯಾಗಿ ಹೇಳಿದ. ಆದರೆ ಆ ಮಾಸು, ಆ ಲೋಳೆ, ಕಂದು ಹಾಕಿದ ಆಡಿನ ಕೆಳಗಿನ ಮಣ್ಣು: ಕಾಕ್ಸಿಯೆಲ್ಲಾ ರಾಶಿ ರಾಶಿಯಾಗಿ ಇರುವುದು ಅಲ್ಲಿ. ನೆದರ್ಲೆಂಡ್ಸ್‌ನಲ್ಲಿ 2007ರಿಂದ 2010ರವರೆಗೆ ಆಡುಗಳು ಕಂದು ಹಾಕಿದ ಸಾಕಣೆಗಳ ಸುತ್ತ 4,000ಕ್ಕೂ ಹೆಚ್ಚು ಜನರಿಗೆ ಜ್ವರ ಬಂತು. ಅವರಲ್ಲಿ ಅನೇಕರು ಆಡು ಮುಟ್ಟಿದವರಲ್ಲ, ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಇದ್ದವರು.

ಸೋಂಕು ತಗಲಿದ ಎರಡು ಮೂರು ವಾರಕ್ಕೆ ಜ್ವರ, ತಲೆ ಸಿಡಿತ, ಬೆವರು; ಕೆಲವರಿಗೆ ನ್ಯುಮೋನಿಯಾ, ಕೆಲವರಿಗೆ ಲಿವರ್ ಉರಿಯೂತ. ಅರ್ಧದಷ್ಟು ಜನರಿಗೆ ಏನೂ ಗೊತ್ತಾಗುವುದಿಲ್ಲ. ಹೃದಯದ ಕವಾಟ ಮೊದಲೇ ಕೆಟ್ಟವರಲ್ಲಿ ತಿಂಗಳು ವರ್ಷಗಳ ಮೇಲೆ ಅದೇ ಕವಾಟಕ್ಕೆ ಹಿಡಿಯಬಹುದು. ಬಸುರಿಯರಿಗೆ ಗರ್ಭ ನಿಲ್ಲದೆ ಹೋಗಬಹುದು. ಮೈಮೇಲೆ ದದ್ದು ಸಾಮಾನ್ಯವಾಗಿ ಏಳುವುದಿಲ್ಲ. ಹುಳುಕಡಿ ಜ್ವರಗಳಿಗೆ ಮಾಡುವ ವೀಲ್-ಫೆಲಿಕ್ಸ್ ಪರೀಕ್ಷೆಗೆ ಇದು ಸಿಗುವುದೂ ಇಲ್ಲ. ಉಣ್ಣೆಜ್ವರವೆಂದು ನಂಬಿ ಆ ಪರೀಕ್ಷೆ ಮಾಡಿಸಿದವರಿಗೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಚೀಟಿಯಲ್ಲಿ ಟೈಫಾಯಿಡ್ ಎಂದು ಬೀಳುತ್ತದೆ. ಡಾಕ್ಸಿಸೈಕ್ಲಿನ್‌ಗೆ ಇಳಿಯುವ ಜ್ವರ ಹೀಗೆ ಬೇರೆ ಹೆಸರಿನಲ್ಲಿ ಅಲೆಯುತ್ತದೆ.

ಭಾರತದಲ್ಲಿ ಇದರ ಗುರುತು ಹೊಸದಲ್ಲ. ಕಾಲ್ರಾ ಮತ್ತು ತನೇಜಾ ಅವರ ರಕ್ತಪರೀಕ್ಷೆಯ ವರದಿ 1954ರದು. ಅದರಲ್ಲಿರುವುದು ಪ್ರತಿಕಾಯಗಳ ಲೆಕ್ಕ. ಅದನ್ನು ರೋಗಿಗಳ ಲೆಕ್ಕವೆಂದು ಓದಬಾರದು. ಹುಡುಕಿದರೆ ಸಿಗುತ್ತದೆ ಎಂಬುದಕ್ಕೆ ಇಲ್ಲಿಗೆ ತೀರಾ ಹತ್ತಿರದ ನಿದರ್ಶನ ಬ್ರುಸೆಲ್ಲಾದ್ದು. ಅಫಜಲಪುರ, ಜೇವರ್ಗಿಗಳ ಗಡಿಯಾಚೆಯ, ಆಗಿನ ಬಿಜಾಪುರ ಜಿಲ್ಲೆಯಲ್ಲಿ ಬಿ.ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳಲ್ಲಿ 495 ವಯಸ್ಕರಲ್ಲಿ ಅದನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಅದೂ ಕಂದು ಹಾಕಿಸುವ ರೋಗವೇ, ಅದೂ ಕುರಿ ದನಗಳ ಮಾಸಿನಿಂದ ಮನುಷ್ಯನಿಗೆ ದಾಟುವಂಥದು. ಕುರಿಗಾರ ಜ್ವರ ಹೊತ್ತು ಬಂದಾಗ ಮಂಟೂರರ ದಾರಿಯಲ್ಲಿ ಹೋದ ವೈದ್ಯ ಕೇಳುವ ಮೊದಲ ಮಾತು ಉಣ್ಣಿಯದಲ್ಲ: “ಹಟ್ಟ್ಯಾಗ ಯಾವ ಕುರಿ ಕಂದು ಹಾಕ್ಯದ, ಯಾರು ಎತ್ತಿ ಒಗದೀರಿ?”