ಗಡಿ ದಾಟುವ ಪೊಟ್ಟಣ ಮತ್ತು ಸುಂಕ: ಅಮೆರಿಕ–ಕೆನಡಾ ಅನುಭವ

ಸುಂಕದ ಚರಿತ್ರೆ ಎಂದೊಡನೆ ಬಂದರು, ಹಡಗು, ರಾಜ್ಯಗಳ ನಡುವಣ ಒಪ್ಪಂದಗಳು ನೆನಪಿಗೆ ಬರುತ್ತವೆ. ನೆರೆನಾಡಿನಿಂದ ಗ್ರಾಹಕನೊಬ್ಬ ತನಗಾಗಿ ತರಿಸಿಕೊಳ್ಳುವ ಸಣ್ಣ ಪೊಟ್ಟಣಕ್ಕೂ ಒಂದು ಚರಿತ್ರೆಯಿದೆ. ಅಮೆರಿಕ ಮತ್ತು ಕೆನಡಾಗಳ ನಿದರ್ಶನದಿಂದ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ 1930ರ ಸುಂಕ ಕಾಯಿದೆಗೆ 1938ರಲ್ಲಿ ತಿದ್ದುಪಡಿಯಾಗಿ 321ನೆಯ ಪ್ರಕರಣ ಸೇರಿತು. ವಸೂಲಿಯ ಖರ್ಚು ಬರುವ ಆದಾಯವನ್ನು ಮೀರಬಾರದೆಂಬುದು ಅದರ ಆಶಯ. ಉಡುಗೊರೆಗಳಿಗೆ 5 ಡಾಲರ್, ಇತರ ವಸ್ತುಗಳಿಗೆ 1 ಡಾಲರ್ ವಿನಾಯಿತಿಯ ಮಿತಿಯಾಗಿತ್ತು. ಹೀಗೆ ಆಡಳಿತದ ಅನುಕೂಲಕ್ಕಾಗಿ ಹುಟ್ಟಿದ ಈ ನಿಯಮ ಕಾಲಕ್ರಮದಲ್ಲಿ ವ್ಯಾಪಾರನೀತಿಯ ಸ್ವರೂಪವನ್ನು ತಾಳಿತು. 1993ರಲ್ಲಿ ಮಿತಿ 200 ಡಾಲರಿಗೂ, 2016ರ ಮಾರ್ಚ್‌ನಲ್ಲಿ 800 ಡಾಲರಿಗೂ ಏರಿತು.

ಕೆನಡಾದ ಧೋರಣೆ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಬಹುಕಾಲ ಮಿತಿ ಕೇವಲ 20 ಕೆನಡಿಯನ್ ಡಾಲರ್. 1991ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಸ್ಥಳೀಯ ಅಂಗಡಿಯವನು ಪ್ರತಿ ಮಾರಾಟದ ಮೇಲೂ ತೆರಿಗೆ ಕಟ್ಟಬೇಕಾಗಿರುವಾಗ, ಗಡಿಯಾಚೆಯ ವರ್ತಕನಿಗೆ ಅದರಿಂದ ಬಿಡುವು ಕೊಡುವುದು ನ್ಯಾಯವಲ್ಲವೆಂಬ ವಾದಕ್ಕೆ ಬಲವಿತ್ತು. ಆದರೆ ಗ್ರಾಹಕರು ಅದಕ್ಕೂ ದಾರಿ ಕಂಡುಕೊಂಡರು. ವಾಷಿಂಗ್ಟನ್ ರಾಜ್ಯದ ಬ್ಲೇನ್, ಪಾಯಿಂಟ್ ರಾಬರ್ಟ್ಸ್‌ನಂತಹ ಗಡಿಯೂರುಗಳಲ್ಲಿ ಅಂಚೆಪೆಟ್ಟಿಗೆಗಳನ್ನು ಬಾಡಿಗೆಗೆ ಪಡೆದು, ಅಂತರಜಾಲದಲ್ಲಿ ಕೊಂಡ ಸರಕನ್ನು ಅಲ್ಲಿಗೆ ತರಿಸಿ ತಾವೇ ಹೋಗಿ ತರತೊಡಗಿದರು.

2020ರ ಜುಲೈ 1ರಂದು ಜಾರಿಗೆ ಬಂದ ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದ ಒಂದು ನಡುದಾರಿಯನ್ನು ಹಿಡಿಯಿತು. ಆ ಎರಡು ನೆರೆದೇಶಗಳಿಂದ ಕೊರಿಯರ್ ಮೂಲಕ ಕೆನಡಾಕ್ಕೆ ಬರುವ ಸರಕಿಗೆ 40 ಕೆನಡಿಯನ್ ಡಾಲರ್‌ವರೆಗೆ ತೆರಿಗೆಯೂ ಇಲ್ಲ, ಸುಂಕವೂ ಇಲ್ಲ. 150ರವರೆಗೆ ಸುಂಕವಿಲ್ಲ, ತೆರಿಗೆ ಉಂಟು. ಅಂಚೆಯ ಪೊಟ್ಟಣಗಳಿಗೆ ಹಳೆಯ 20ರ ಮಿತಿಯೇ ಉಳಿಯಿತು. ಒಂದೇ ವಸ್ತುವಿನ ತೆರಿಗೆ ಅದನ್ನು ಹೊತ್ತುತಂದವರು ಯಾರೆಂಬುದರ ಮೇಲೆ ನಿಂತದ್ದು ಗಮನಾರ್ಹ.

ಈ ನಡುವೆ ಅಮೆರಿಕದ ಉದಾರ ಮಿತಿಯ ಫಲವನ್ನು ದೂರದ ದೇಶಗಳ ವರ್ತಕರೂ ಪಡೆದರು. ಕೆನಡಾ, ಮೆಕ್ಸಿಕೊಗಳ ಉಗ್ರಾಣಗಳಲ್ಲಿ ಏಷ್ಯಾದ ಸರಕು ಸಗಟಾಗಿ ಇಳಿದು, ಬಿಡಿ ಪೊಟ್ಟಣಗಳಾಗಿ ಸುಂಕವಿಲ್ಲದೆ ಗಡಿ ದಾಟಿತು. ವಿನಾಯಿತಿ ಪಡೆದ ಪೊಟ್ಟಣಗಳು 2015ರ ಹಣಕಾಸು ವರ್ಷದಲ್ಲಿ ಸುಮಾರು 13.9 ಕೋಟಿಯಿದ್ದುದು 2024ರಲ್ಲಿ ಸುಮಾರು 136 ಕೋಟಿಗೆ ಮುಟ್ಟಿತು. ಪರಿಣಾಮವಾಗಿ 2025ರ ಮೇ 2ರಿಂದ ಚೀನಾ ಮತ್ತು ಹಾಂಗ್‌ಕಾಂಗ್ ಸರಕಿಗೂ, ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೂ ಈ ವಿನಾಯಿತಿ ನಿಂತಿತು. ವಸೂಲಿಯ ಹೊಣೆ ಯಾರದೆಂಬುದು ಸ್ಪಷ್ಟವಾಗದೆ ಭಾರತೀಯ ಅಂಚೆ ಇಲಾಖೆಯೂ ಆಗಸ್ಟ್ 25ರಿಂದ ಅಮೆರಿಕಕ್ಕೆ ಹೋಗುವ ಬಹುಪಾಲು ಅಂಚೆ ಸರಕನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನರಾರಂಭಿಸಿತು.

ಕೆನಡಾದಲ್ಲೇ ತಯಾರಾದ ವಸ್ತುವಿಗೆ ಒಪ್ಪಂದದನ್ವಯ ಸುಂಕಮುಕ್ತ ಪ್ರವೇಶದ ಹಕ್ಕು ಇದ್ದರೂ, ಅದನ್ನು ಪಡೆಯಲು ಮೂಲದ ಪುರಾವೆ, ಸುಂಕಸಂಖ್ಯೆ, ದಾಖಲೆಪತ್ರಗಳು ಬೇಕಾದವು. ದೊಡ್ಡ ಸಂಸ್ಥೆಗೆ ಇದು ಗುಮಾಸ್ತನೊಬ್ಬನ ಕೆಲಸ. ಮನೆಯಲ್ಲಿ ಕೈಕಸುಬು ನಡೆಸುವವರಿಗೆ ಅದು ಲಾಭವನ್ನೇ ನುಂಗುವ ಹೊರೆ. 1938ರ ಶಾಸಕರು ಸರ್ಕಾರದ ಮೇಲಿಂದ ಇಳಿಸಿದ್ದ ಭಾರ ಹೀಗೆ ಕಡೆಗೆ ಸಣ್ಣ ವರ್ತಕನ ತಲೆಯ ಮೇಲೆ ಬಂದು ಕುಳಿತಿತು.