ಘಾಟಿಗೆ ರಾತ್ರಿ ಇದ್ದ ಕಾಲ

ನನ್ನ ಅಜ್ಜ ಮಂಗಳೂರು ಬಂದರಿನಿಂದ ಮೂಡಿಗೆರೆ ಕಡೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಹತ್ತುವಾಗ ಉಪ್ಪು, ಒಣಮೀನು, ಜೆಪ್ಪುವಿನ ಹೆಂಚು, ಇಳಿಯುವಾಗ ಕಾಫಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಶುರುಮಾಡಿದ ಹೆಂಚಿನ ಕಸುಬು ನಮ್ಮಂಥ ಗಾಡಿಯವರ ಮನೆಗಳನ್ನೂ ಸಾಕಿತು. ಹೊತ್ತು ಮುಳುಗುವುದರೊಳಗೆ ಚಾರ್ಮಾಡಿ ಘಾಟಿಯ ಬುಡದಲ್ಲಿ ಎತ್ತುಗಳನ್ನು ಬಿಚ್ಚಲೇಬೇಕಿತ್ತಂತೆ. ಬೆಂಕಿ ಹಾಕಿ, ಎತ್ತುಗಳನ್ನು ನಡುವೆ ಕಟ್ಟಿ, ಸುತ್ತ ಮಲಗುತ್ತಿದ್ದರು. ಬೆಳಕು ಹರಿಯುವ ತನಕ ಯಾರೂ ಘಾಟಿ ಹತ್ತುತ್ತಿರಲಿಲ್ಲ. ಪಿಲಿಯ ಭಯ. ಆ ಭಯಕ್ಕೆ ಸರಕಾರದ ಆಜ್ಞೆ ಬೇಕಿರಲಿಲ್ಲ. ಹಗಲು ನಮ್ಮದು, ರಾತ್ರಿ ಅವುಗಳದ್ದು.

ನಮ್ಮ ಮಂಗಳೂರಿನ ಅಂಚಿನಲ್ಲೇ ಪಿಲಿಕುಳ ಇದೆ. ತುಳುವಿನಲ್ಲಿ ಹುಲಿಯ ಕೊಳ. ಈಗ ಅಲ್ಲಿ ಹುಲಿ ನೋಡಬೇಕಾದರೆ ಮೃಗಾಲಯದ ಟಿಕೆಟ್ ತೆಗೆಯಬೇಕು.

ನಾನು ಗಾಡಿ ಬಿಟ್ಟು ಲಾರಿ ಹಿಡಿದವನು. 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತ್ತು, ಲೋಡಿಗೆ ಬರವಿರಲಿಲ್ಲ. ಆದರೂ ನಾನು ಸ್ಟೇರಿಂಗ್ ಹಿಡಿದ ಹೊಸತರಲ್ಲಿ ನಡುರಾತ್ರಿ ಚಾರ್ಮಾಡಿಯಲ್ಲಿ ಎದುರಿಗೆ ಗಾಡಿ ಸಿಗುವುದು ಅಪರೂಪ. ಇಂಜಿನ್ ಬಿಸಿಯಾಯಿತೆಂದು ನಿಲ್ಲಿಸಿದರೆ ಕಪ್ಪೆಗಳ ಕೂಗಿನಲ್ಲಿ ಕ್ಲೀನರ್‌ನ ಮಾತು ಕೇಳುತ್ತಿರಲಿಲ್ಲ. 1996ರಲ್ಲಿ ಮಂಗಳೂರು–ಹಾಸನ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು ಮುಚ್ಚಿದರು. ಸರಕು ರೈಲು ಮತ್ತೆ ಘಾಟಿ ಇಳಿದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಆ ಹೊರೆಯನ್ನೆಲ್ಲ ಹೊತ್ತದ್ದು ರಸ್ತೆ. ಘಾಟಿಯ ರಾತ್ರಿ ಹೋದದ್ದು ಆಗಲೇ ಎಂದು ನನ್ನ ಲೆಕ್ಕ. ರೈಲು ಬಂತು, ಹೋದ ರಾತ್ರಿ ಬರಲಿಲ್ಲ.

ಆ ಕಾಲದ ಒಂದು ರಾತ್ರಿ, ತಿರುವು ದಾಟಿದ ಕೂಡಲೇ ಒಂದು ಹೆಣ್ಣು ಕಡವೆ ಬೆಳಕಿಗೆ ಸಿಕ್ಕಿತು. ಒಂದು ಬದಿಗೆ ಗುಡ್ಡ ಕಡಿದು ಕಟ್ಟಿದ ಗೋಡೆ, ಇನ್ನೊಂದು ಬದಿಗೆ ಪ್ರಪಾತ. ಅದು ಎರಡು ಸಲ ಗೋಡೆಗೆ ಹಾರಿತು, ಎರಡು ಸಲವೂ ಜಾರಿತು. ಮೂರನೆಯ ಸಲ ನನ್ನ ಬಂಪರಿಗೇ ಬಿತ್ತು. ಲೈಟು ಆರಿಸಿದ್ದರೆ ಅದಕ್ಕೆ ದಾರಿ ಕಾಣುತ್ತಿತ್ತು. ನನಗೆ ಆಗ ಅದು ಹೊಳೆಯಲಿಲ್ಲ. ಆ ತಪ್ಪು ನನ್ನದು. ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ದೊಡ್ಡ ಪ್ರಾಣಿ ಸತ್ತರೆ ಸುದ್ದಿಯಾಗುತ್ತದೆ. ಮಳೆಗಾಲದ ಮೊದಲ ವಾರ ಟಯರಿಗೆ ಸಿಗುವ ಕಪ್ಪೆಗಳನ್ನು, ಸಂಜೆ ಬೆಚ್ಚಗಿನ ಡಾಂಬರಿಗೆ ಬಂದು ಮಲಗುವ ಹಾವುಗಳನ್ನು ಎಣಿಸುವವರು ಯಾರು? ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಜೀವ. ರಸ್ತೆಯ ಮೇಲೆ ಕೂಡಿಕೊಂಡಿದ್ದ ಕೊಂಬೆಗಳನ್ನು ಕಡಿದರೆ ಅದು ನೆಲಕ್ಕೆ ಇಳಿಯಲೇಬೇಕು.

ಈಗ ರಸ್ತೆಯೂ ಸಾಲದಾಗಿದೆ. ನಮ್ಮ ಓಣಿಯ ಹುಡುಗರು ಶನಿವಾರ ಜೀಪು ಹತ್ತಿ ಘಟ್ಟದ ಬೋಳುಗುಡ್ಡಗಳಿಗೆ ಹೋಗುತ್ತಾರೆ. ಒಳ್ಳೆಯ ಮಕ್ಕಳೇ, ಅಕ್ಕಪಕ್ಕದವರ ಕಷ್ಟಕ್ಕೆ ಓಡಿ ಬರುವವರು. ಆದರೆ ಗುಡ್ಡದ ಹುಲ್ಲು ಬರೀ ಹುಲ್ಲಲ್ಲ, ಮಳೆನೀರನ್ನು ಹಿಡಿದಿಟ್ಟು ನೇತ್ರಾವತಿಯ ಹಳ್ಳಗಳಿಗೆ ಮೆಲ್ಲಗೆ ಬಿಡುವ ಚಾಪೆ ಅದು. ಒಮ್ಮೆ ಟಯರು ಅದನ್ನು ಹರಿದರೆ ಒಂದೇ ಮಳೆಗಾಲದಲ್ಲಿ ಆ ಗೆರೆ ಕೊರಕಲಾಗುತ್ತದೆ. ಮುಂದಿನ ವಾರ ಬಂದವನು ಕೊರಕಲು ತಪ್ಪಿಸಲು ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯುತ್ತಾನೆ. ಹುಲ್ಲಿನ ಬುಡದಲ್ಲಿ ಗೂಡು ಕಟ್ಟುವ ಹಕ್ಕಿಗೆ ಜಾಗ ಎಲ್ಲಿ?

ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದ್ದಾರೆ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ನಮ್ಮ ಘಾಟಿಗಳಲ್ಲಿ ಒಂದಕ್ಕಾದರೂ ಅಂಥ ರಾತ್ರಿ ಬೇಕು. ಆಂಬುಲೆನ್ಸ್ ಹೋಗಲಿ, ಉಳಿದದ್ದು ಬುಡದಲ್ಲಿ ಕಾಯಲಿ. ನಮ್ಮ ಅಜ್ಜಂದಿರು ಕಾದಿದ್ದರು.

2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಚಾರ್ಮಾಡಿ ಮುಚ್ಚಿದಾಗ ಅಲ್ಲೇ ಕೆಳಗಿರುವ ಭಾವನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಮೇಲಿನಿಂದ ಬಿದಿರು ಮುರಿಯುವ ಸದ್ದು ಬಂತು. "ಆನೆ ಭಾವಾ," ಅಂದರು ಅವರು, "ಈಗ ರಸ್ತೆಯಲ್ಲೇ ನಡೆದು ಹೋಗ್ತದೆ. ಅವಸರ ಇಲ್ಲ ಅದಕ್ಕೆ."